ಎಪ್ಪತ್ತು ದಾಟಿದ ಮೇಲೆ ಟೈಗರ್ ಮಾತ್ ಹಾರಿಸಿದ್ದು

ಹಂಟರ್‌ನಂಥ ಯುದ್ಧದ ಜೆಟ್ ಹಾರಿಸಿದವನಿಗೆ ಟೈಗರ್ ಮಾತ್, ಅಂದರೆ ಜೋಡಿ ರೆಕ್ಕೆಯ ಹಳೆಯ ತರಬೇತಿ ವಿಮಾನ, ಏನು ಮಹಾ ಅಂತ ಕೇಳುವವರು ಜಾಸ್ತಿ. ಪುಣೆಯಲ್ಲಿ ನಿವೃತ್ತ ಫೌಜಿಗಳಿಗೆ ಬರವಿಲ್ಲ. ನಮ್ಮ ಬೆಳಗಿನ ವಾಕಿಂಗ್ ಗುಂಪಿನಲ್ಲೇ ಏರ್‌ಫೋರ್ಸಿನ ಕನ್ನಡದವರು ಹಲವರಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಾನು ಧಾರವಾಡದ ಕಡೆಯವನು. ಅರವತ್ತರ ದಶಕದಲ್ಲಿ ಬೀದರಿನಲ್ಲಿ ಎಚ್‌ಟಿ-2 ಮೇಲೆ ಹಾರಾಟ ಕಲಿತೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ತಂಡ ಮಾಡಿದ ವಿಮಾನ ಅದು, 1951ರಲ್ಲಿ ಮೊದಲ ಸಲ ಹಾರಿತು. ಆಮೇಲೆ ಹಕೀಂಪೇಟೆಯಲ್ಲಿ ವ್ಯಾಂಪೈರ್ ಜೆಟ್, ಅಲ್ಲಿಂದ ಮುಂದೆ ಹಂಟರ್. 1971ರ ಡಿಸೆಂಬರಿನಲ್ಲೂ ಹಂಟರೇ. ಆ ಯುದ್ಧದ ಮಾತು ಇಲ್ಲಿ ಬೇಡ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಹೋಗದೆ ಇದ್ದವರೂ ಹೇಳುತ್ತಾರೆ.

ಮತ್ತೆ ಹಾರಬೇಕು ಅಂತ ಹುಳ ಬಿಟ್ಟಿದ್ದು ಒಂದು ಡಕೋಟಾ, ಹಳೆಯ ಕಾಲದ ಸಾರಿಗೆ ವಿಮಾನ. 2018ರ ಏಪ್ರಿಲ್‌ನಲ್ಲಿ 'ಪರಶುರಾಮ' ಅಂತ ಹೆಸರಿಟ್ಟ ಹಳೆಯ ಡಕೋಟಾ ಇಂಗ್ಲೆಂಡಿನಿಂದ ಜಾಮ್‌ನಗರಕ್ಕೆ ಹಾರಿಕೊಂಡೇ ಬಂತು. ಹಡಗಿನಲ್ಲಿ ಅಲ್ಲ, ಬಿಡಿಭಾಗ ಮಾಡಿಯೂ ಅಲ್ಲ. ಅದಕ್ಕೆ ವಿಪಿ-905 ಅಂತ ಸಂಖ್ಯೆ ಕೊಟ್ಟಿದ್ದರು. 1947ರ ಅಕ್ಟೋಬರಿನಲ್ಲಿ ಶ್ರೀನಗರಕ್ಕೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಇಳಿಸಿದ ಡಕೋಟಾದ ನೆನಪಿಗೆ. ರಾಜೀವ್ ಚಂದ್ರಶೇಖರ್ ಅದನ್ನು ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟದ್ದು. ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. ಟಿವಿಯಲ್ಲಿ ಅದು ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಬಾಲ ನಿಧಾನಕ್ಕೆ ಕೆಳಗೆ ಬಂತು. ನನ್ನ ಕಾಲು ತಾನಾಗಿ, ವಿಮಾನದ ಪೆಡಲ್ ಒತ್ತುವ ಹಾಗೆ, ಚಪ್ಪಲಿಯನ್ನು ಒತ್ತುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ, "ಏನ್ರೀ, ಕಾಲು ಹಿಡ್ಕೊಂಡದೇನು?" ಅಂದಳು.

ಮಗಳು ಕೇಂಬ್ರಿಡ್ಜಿನ ಹತ್ತಿರ ಇದ್ದಾಳೆ. ಅಲ್ಲಿಂದ ಡಕ್ಸ್‌ಫರ್ಡ್ ಹತ್ತಿರ. ಎರಡನೇ ಮಹಾಯುದ್ಧದ ಫೈಟರ್ ನೆಲೆ, ಈಗ ಮ್ಯೂಸಿಯಂ. ಹಳೆಯ ವಿಮಾನಗಳು ಅಲ್ಲಿ ಹಾರುತ್ತಲೇ ಇರುತ್ತವೆ. ಮೊದಲು ಅವಳು "ಅಪ್ಪಾ, ಸ್ಪಿಟ್‌ಫೈರ್ ಬುಕ್ ಮಾಡ್ಲಾ?" ಅಂದಳು. ಮಹಾಯುದ್ಧದ ಹೆಸರಾಂತ ಫೈಟರ್ ಅದು. ಎರಡು ಸೀಟಿನ ಸ್ಪಿಟ್‌ಫೈರ್‌ಗಳಿವೆ, ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಅರ್ಧ ಗಂಟೆಗೆ ಸಾವಿರಾರು ಪೌಂಡ್. ದುಡ್ಡಿನ ಮಾತು ಬಿಡಿ, ನನಗೆ ಬೇಕಾಗಿದ್ದು ಸವಾರಿ ಅಲ್ಲ, ಸ್ಟಿಕ್, ಅಂದರೆ ವಿಮಾನ ನಡೆಸುವ ಕೋಲು. ಟೈಗರ್ ಮಾತ್ ಆದರೆ ಕೆಲವು ನೂರು ಪೌಂಡಿನಲ್ಲಿ ಆಗುತ್ತದೆ, ಇನ್‌ಸ್ಟ್ರಕ್ಟರ್ ಕೈಗೆ ಕೊಡುತ್ತಾರೆ. ನಮ್ಮ ವಾಯುಪಡೆಯ ಹಳೆಯ ತಲೆಮಾರಿನ ಬಹಳ ಜನ ಕಲಿತಿದ್ದೂ ಅದರ ಮೇಲೇ.

ಇಲ್ಲಿಂದ ನಿಜವಾದ ವಿಷಯ.

ಜೆಟ್ ಹಾರಿಸಿದವರ ಕಾಲು ಸೋಮಾರಿಯಾಗಿರುತ್ತದೆ. ಹಂಟರ್‌ನಲ್ಲಿ ವೇಗ ಇದ್ದಾಗ ಸ್ಟಿಕ್ ವಾಲಿಸಿದರೆ ವಿಮಾನ ತಿರುಗುತ್ತದೆ, ಅಷ್ಟೇ. ವೇಗ ಕಳಕೊಂಡು ಎದುರಾಳಿಯ ಹಿಂದೆ ಬೀಳಲು ಒದ್ದಾಡುವಾಗ ಮಾತ್ರ ರಡ್ಡರ್ ಪೆಡಲ್‌ಗೆ (ಕಾಲಲ್ಲಿ ಒತ್ತಿ, ಬಾಲದ ಹಲಗೆ ತಿರುಗಿಸಿ, ಮೂತಿಯನ್ನು ಎಡಬಲ ಮಾಡುವುದು) ಕೆಲಸ. ಹಳೆಯ ವಿಮಾನದಲ್ಲಿ ಹಾಗಲ್ಲ. ಬಲಕ್ಕೆ ವಾಲಿಸಿದರೆ ಎಡರೆಕ್ಕೆಯ ಏಲೆರಾನ್, ಅಂದರೆ ಹಿಂದಿನ ಅಂಚಿನ ಮಡಚುವ ಹಲಗೆ, ಕೆಳಗೆ ಬಾಗುತ್ತದೆ, ಆ ರೆಕ್ಕೆ ಮೇಲೇಳುತ್ತದೆ. ಜೊತೆಗೆ ಅದೇ ಕಡೆ ಗಾಳಿಯ ಎಳೆತವೂ ಜಾಸ್ತಿ. ಹಾಗಾಗಿ ಮೂತಿ ಮೊದಲು ಎಡಕ್ಕೇ ಹೋಗುತ್ತದೆ, ನೀವು ಕೇಳಿದ್ದಕ್ಕೆ ಉಲ್ಟಾ. ಸ್ಟಿಕ್ ಜೊತೆಗೇ ಬಲಗಾಲು ಒತ್ತಿದರೆ ಮಾತ್ರ ಸರಿ. ಎಚ್‌ಟಿ-2 ಕಾಲದಲ್ಲಿ ಇದೆಲ್ಲ ಕಲಿತಿದ್ದೆ. ಆಮೇಲೆ ಜೆಟ್‌ಗಳು ವರ್ಷಗಟ್ಟಲೆ ಅದನ್ನು ಅಳಿಸಿಹಾಕಿದ್ದವು. ಇಂಗ್ಲೆಂಡಿಗೆ ಹೋಗಿ ಪೌಂಡು ಸುರಿದು ಕಾಲು ಎಬ್ಬಿಸುವುದಕ್ಕಿಂತ ಇಲ್ಲೇ ಎಬ್ಬಿಸಿಕೊಂಡು ಹೋಗೋಣ ಅನಿಸಿತು.

ಪುಣೆಯಲ್ಲಿ ಅದಕ್ಕೊಂದು ಜಾಗ ಇದೆ, ಹಡಪ್ಸರದ ಗ್ಲೈಡಿಂಗ್ ಸೆಂಟರ್. ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಕೈಕೆಳಗಿದ್ದ ಹಳೆಯ ಸಂಸ್ಥೆ. ಸುತ್ತ ಊರು ಬೆಳೆದು ನಿಂತಿದೆ, ನಡುವೆ ಬಯಲು. ನಾನು ಹೋಗಿದ್ದು ಆ ವರ್ಷದ ಚಳಿಗಾಲದಲ್ಲಿ. ಎಂಜಿನ್ ಇಲ್ಲದ ವಿಮಾನ, ಮೈದಾನದ ಆ ತುದಿಯಲ್ಲಿ ಕೇಬಲ್ ಸುತ್ತಿ ಎಳೆಯುವ ವಿಂಚ್ ಯಂತ್ರ, ನಡುವೆ ಉದ್ದದ ಕೇಬಲ್. ಒಬ್ಬ ಹುಡುಗ ರೆಕ್ಕೆಯ ತುದಿ ಹಿಡಿದು ಮಟ್ಟ ಮಾಡುತ್ತಾನೆ, ಕೇಬಲ್ ಬಿಗಿಯಾಗುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ನೆಲ ಬಿಟ್ಟಿರುತ್ತೀರಿ. ಮೂತಿ ಆಕಾಶ ನೋಡುತ್ತದೆ. ಜೆಟ್‌ಗೆ ಇನ್ನಷ್ಟು ನೂಕು ಕೊಡುವ ಆಫ್ಟರ್‌ಬರ್ನರ್ ಇರುವ ವಿಮಾನದವರು ನಗಬಹುದು, ಆದರೆ ಸದ್ದೇ ಇಲ್ಲದೆ ಹೀಗೆ ಏರುವುದು ನನಗೆ ಪೂರ್ತಿ ಹೊಸದು.

ನನ್ನ ಇನ್‌ಸ್ಟ್ರಕ್ಟರ್ ಮರಾಠಿ ಹುಡುಗ, ನನ್ನ ಮಗಳಿಗಿಂತ ಚಿಕ್ಕವನು. ನಾನು ಯಾರು ಅಂತ ಗೊತ್ತಾದ ಮೇಲೆ ಎಲ್ಲದಕ್ಕೂ "ಸರ್, ಸರ್" ಅನ್ನುತ್ತಿದ್ದ. ಇದು ಸ್ವಲ್ಪ ಅಪಾಯ. ಹಳೆಯ ಫೈಟರ್ ಪೈಲಟ್ ಅಂದರೆ ತಿದ್ದಲು ಹಿಂಜರಿಯುತ್ತಾರೆ. ಮೊದಲ ದಿನವೇ ಅವನಿಗೆ ಹೇಳಿಬಿಟ್ಟೆ, "ನನ್ನನ್ನು ಬೀದರಿನ ಕೆಡೆಟ್ ಅಂತ ತಿಳಕೋ. ಬೈಯಬೇಕಾದಾಗ ಬೈ." ಆಮೇಲೆ ಹುಡುಗ ಸರಿಯಾಗೇ ಬೈದ. 'ಸರ್' ಮಾತ್ರ ಬಿಡಲಿಲ್ಲ.

ಗ್ಲೈಡರ್‌ನ ಕೆನೊಪಿ, ಅಂದರೆ ಪಾರದರ್ಶಕ ಮುಚ್ಚಳದ ಮೇಲೆ, ಕಣ್ಣೆದುರಿಗೇ, ಒಂದು ಗೇಣಿನಷ್ಟು ಉಣ್ಣೆ ದಾರ ಅಂಟಿಸಿರುತ್ತಾರೆ. ಕೆಂಪು ದಾರ, ಟೇಪಿನ ಚೂರು, ಅಷ್ಟೇ. ವಿಮಾನ ನೇರವಾಗಿ ಗಾಳಿ ಸೀಳುತ್ತಿದ್ದರೆ ದಾರ ನಿಮ್ಮ ಕಡೆಗೆ ನೆಟ್ಟಗೆ ಮಲಗಿರುತ್ತದೆ. ಕಾಲು ತಡವಾದರೆ ಒಂದು ಪಕ್ಕಕ್ಕೆ ಹೊರಳುತ್ತದೆ. ಹೊರಳಿದ ಕಡೆಗೆ ಸ್ಟಿಕ್, ಅದರ ಎದುರಿನ ಕಾಲು. ಹೇಳಲು ಇಷ್ಟೇ. ನನ್ನ ಮೊದಲ ತಿರುವುಗಳಲ್ಲಿ ಆ ದಾರ ಒಂದು ಕ್ಷಣವೂ ನೆಟ್ಟಗಿರಲಿಲ್ಲ. ಕೈ ಸರಿಯಾಗೇ ಇತ್ತು. ಕಣ್ಣು, ಎತ್ತರದ ಅಂದಾಜು, ಗಾಳಿಯ ಲೆಕ್ಕ ಎಲ್ಲ ಇತ್ತು. ಕಾಲು ಮಾತ್ರ ಅರ್ಧ ಸೆಕೆಂಡ್ ಹಿಂದೆ. ಹುಡುಗ ಹಿಂದಿನ ಸೀಟಿನಿಂದ "ಸರ್, ಪಾಯ್! ಪಾಯ್!" ಅಂತ ಕೂಗುತ್ತಿದ್ದ. ಮರಾಠಿಯಲ್ಲಿ ಕಾಲು.

ಮದ್ದು ಅವನೇ ಕೊಟ್ಟ. ತಿರುಗಲೇ ಬೇಡಿ, ದೂರದ ಒಂದು ಗುಡ್ಡದ ಮೇಲೆ ಮೂತಿ ನೆಟ್ಟು ಎಡಬಲ ವಾಲಿಸುತ್ತಾ ಇರಿ, ಮೂತಿ ಅಲುಗಬಾರದು ಅಂದ. ಇದು ಬೀದರಿನಲ್ಲೂ ಮಾಡಿಸುತ್ತಿದ್ದರು, ನೆನಪಾಯಿತು. ಎತ್ತರ ಸಾವಿರ ಅಡಿ ಆಸುಪಾಸು ಸಿಗುತ್ತಿತ್ತು, ಸಮಯ ಕೆಲವೇ ನಿಮಿಷ. ಅದಕ್ಕೇ ಮನೆಯಲ್ಲೂ ಅಭ್ಯಾಸ: ಕುರ್ಚಿಯಲ್ಲಿ ಕೂತು, ಕೈಯಲ್ಲಿ ಕೋಲು ಹಿಡಿದು, ಕಣ್ಣು ಮುಚ್ಚಿ ಕೈಕಾಲು ಒಟ್ಟಿಗೆ. ಸುಮ್ನೆ ಮಕ್ಕಳಾಟ ಅನಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ಒಂದು ದಿನ ಏರುತ್ತಿರುವಾಗಲೇ ಅವನು ಸದ್ದಿಲ್ಲದೆ ಕೇಬಲ್ ಬಿಡುಗಡೆ ಮಾಡಿದ. ಕೇಬಲ್ ತುಂಡಾದರೆ ಏನು ಮಾಡುತ್ತೀರಿ ಅಂತ ನೋಡುವ ಪರೀಕ್ಷೆ. ಮೂತಿ ಮೇಲಿದೆ, ಎಳೆಯುವ ಶಕ್ತಿ ಹೋಯಿತು, ವೇಗ ಕರಗುತ್ತಿದೆ. ಯೋಚಿಸುವ ಮೊದಲೇ ಕೈ ಸ್ಟಿಕ್ ಮುಂದಕ್ಕೆ ತಳ್ಳಿತ್ತು. ಹೊಟ್ಟೆ ಗಂಟಲಿಗೆ ಬಂತು. ವೇಗ ಬಂದ ಮೇಲೆ ಎದುರಿಗೇ ನೆಲ ಇತ್ತು, ಇಳಿದೆವು. ಹುಡುಗ ಏನೂ ಹೇಳಲಿಲ್ಲ, ಚಹಾ ಕೊಡಿಸಿದ. ದಾರ ಎಲ್ಲಿತ್ತು ಅಂತ ಇಬ್ಬರೂ ನೋಡಿರಲಿಲ್ಲ.

ಇನ್ನು ದೇಹ. ಹೃದಯದ ಡಾಕ್ಟರ್ ಹತ್ತಿರ ಹೋಗಿ ಟ್ರೆಡ್‌ಮಿಲ್ ಪರೀಕ್ಷೆ, ಬಿಪಿ ಮಾತ್ರೆ ಎಲ್ಲ ಸರಿಮಾಡಿಕೊಂಡೆ. ಇದನ್ನು ಬಿಡಬೇಡಿ, ಇದರಲ್ಲಿ ಹೇಳಲು ಬೇರೇನಿಲ್ಲ. ಯಾರೂ ಹೇಳದೇ ಇರುವ ತೊಂದರೆ ಅಂದರೆ ಒಳಗೆ ಕೂರುವುದು. ಟೈಗರ್ ಮಾತ್‌ನಲ್ಲಿ ಕೆಳರೆಕ್ಕೆಯ ಬುಡದಲ್ಲಿ ನಿಗದಿಯಾದ ಜಾಗದಲ್ಲೇ ಕಾಲಿಡಬೇಕು, ಪಕ್ಕದಲ್ಲಿ ಕಾಲಿಟ್ಟರೆ ಬಟ್ಟೆ ಹರಿಯುತ್ತದೆ. ಮೇಲೆ ಇನ್ನೊಂದು ರೆಕ್ಕೆ, ಸುತ್ತ ತಂತಿಗಳು. ಅದರ ನಡುವೆ ಮೊಣಕಾಲು ಎದೆಮಟ್ಟಕ್ಕೆ ಎತ್ತಿ ಒಳಗೆ ಹಾಕಬೇಕು. ಸೊಂಟಕ್ಕೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ತಿಂಗಳುಗಟ್ಟಲೆ ಮಾಡಿದ್ದು ಇದೊಂದಕ್ಕೇ. ಕಿವಿಯದು ಇನ್ನೊಂದು ಕಥೆ. ಜೆಟ್‌ಗಳ ಕೃಪೆಯಿಂದ ನನಗೆ ಹಿಯರಿಂಗ್ ಏಡ್ ಇದೆ. ಚರ್ಮದ ಹೆಲ್ಮೆಟ್ ಒಳಗೆ ಅದು ಕುಂಯ್ ಅಂತ ಕೂಗುತ್ತದೆ. ತೆಗೆದು ಜೇಬಿಗೆ ಹಾಕಿ, ಇಂಟರ್‌ಕಾಮ್ ಜೋರು ಮಾಡಿಸಿಕೊಳ್ಳಿ.

2019ರ ಬೇಸಿಗೆಯಲ್ಲಿ ಡಕ್ಸ್‌ಫರ್ಡ್. ಮೊದಲ ದಿನ ಗಾಳಿ ಜಾಸ್ತಿ ಅಂತ ಹಾರಿಸಲಿಲ್ಲ. ಅಷ್ಟು ಹಗುರ ವಿಮಾನ, ಬ್ರೇಕ್ ಇಲ್ಲ, ಬಾಲದ ಕೆಳಗೆ ಚಕ್ರದ ಬದಲು ನೆಲಕ್ಕೆ ಉಜ್ಜುವ ಸ್ಕಿಡ್, ಅಡ್ಡಗಾಳಿ ಅದಕ್ಕೆ ಆಗಿಬರುವುದಿಲ್ಲ. ಹೋಗುವವರು ಮುಂದೆ ಹಿಂದೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ಎಂಜಿನ್ 130 ಅಶ್ವಶಕ್ತಿಯ ಜಿಪ್ಸಿ ಮೇಜರ್. ಒಬ್ಬರು ಮುಂದೆ ನಿಂತು ಪ್ರೊಪೆಲ್ಲರ್ ಕೈಯಿಂದ ತಿರುಗಿಸಿದರು. ಮೂತಿ ಅಡ್ಡ ಇರುವುದರಿಂದ ನೆಲದ ಮೇಲೆ ಎದುರಿಗೆ ಏನೂ ಕಾಣುವುದಿಲ್ಲ, ಹಾವಿನಂತೆ ಎಡಬಲ ತಿರುಗುತ್ತಾ ಹೋಗಬೇಕು. ಪೆಟ್ರೋಲ್ ಎಷ್ಟಿದೆ ಅಂತ ನೋಡಲು ತಲೆ ಎತ್ತಿದರೆ ಸಾಕು, ಟ್ಯಾಂಕ್ ಮೇಲ್ರೆಕ್ಕೆಯಲ್ಲೇ ಇದೆ.

ಮೇಲೆ ಹೋದ ಮೇಲೆ ಇನ್‌ಸ್ಟ್ರಕ್ಟರ್ ಸ್ಟಿಕ್ ಕೊಟ್ಟರು. ಇಲ್ಲಿ ಕೆಂಪು ದಾರ ಇಲ್ಲ. ಬೇಕಾಗೂ ಇಲ್ಲ. ತೆರೆದ ಕಾಕ್‌ಪಿಟ್, ಕಾಲು ತಪ್ಪಿದರೆ ಗಾಳಿ ಪಕ್ಕದಿಂದ ನುಗ್ಗಿ ಒಂದು ಕೆನ್ನೆಗೆ ಬಡಿಯುತ್ತದೆ. ಸ್ಟಿಕ್ ಬಲಕ್ಕೆ, ಬಲಗಾಲು, ಎರಡು ಕೆನ್ನೆಗೂ ಗಾಳಿ ಸಮ. ಎಡಕ್ಕೆ, ಎಡಗಾಲು. ಸ್ಟಿಕ್ ಭಾರ, ವಿಮಾನ ನಿಧಾನ, ಏಲೆರಾನ್ ಇರುವುದು ಕೆಳರೆಕ್ಕೆಯಲ್ಲಿ ಮಾತ್ರ. ಹಂಟರ್‌ನಲ್ಲಿ ಬೆರಳಲ್ಲಿ ಆಗುತ್ತಿದ್ದ ಕೆಲಸಕ್ಕೆ ಇಲ್ಲಿ ತೋಳು ಬೇಕು. ಕೆಲವು ತಿರುವು ಆದ ಮೇಲೆ ಇನ್‌ಸ್ಟ್ರಕ್ಟರ್, ನೀವು ಗ್ಲೈಡರ್ ಪೈಲಟ್ಟಾ ಅಂತ ಕೇಳಿದರು. ಹೌದು ಅಂದೆ. ಹಂಟರ್ ವಿಷಯ ಇಳಿದ ಮೇಲೆ ಹೇಳಿದೆ. ಲ್ಯಾಂಡಿಂಗ್ ಅವರದೇ, ನಾನು ಸ್ಟಿಕ್ ಮೇಲೆ ಬೆರಳಿಟ್ಟು ಅನುಸರಿಸಿದೆ ಅಷ್ಟೇ. ಹುಲ್ಲಿನ ಮೇಲೆ ಎರಡು ಚಕ್ರ, ಬಾಲದ ಸ್ಕಿಡ್ ಮೂರೂ ಒಟ್ಟಿಗೆ ತಾಗಿಸಿದರು, ಚಂದ ಇಳಿಸಿದರು.

2024ರಲ್ಲಿ ಬ್ರಿಟಿಷ್ ವಾಯುಪಡೆಯ ಹಳೆಯ ಪೈಲಟ್ ಜ್ಯಾಕ್ ಹೆಮಿಂಗ್ಸ್ 102ನೇ ವಯಸ್ಸಿನಲ್ಲಿ ಸ್ಪಿಟ್‌ಫೈರ್ ಸ್ಟಿಕ್ ಹಿಡಿದ ಸುದ್ದಿ ಬಂದಾಗ ವಾಕಿಂಗ್ ಗುಂಪಿನಲ್ಲಿ ಮತ್ತೆ ಗದ್ದಲ. ಮಹಾಯುದ್ಧದಲ್ಲಿ ಕಲ್ಕತ್ತೆಯಲ್ಲಿದ್ದ ಮನುಷ್ಯ ಅವರು. ಸಾರಿಗೆ ವಿಮಾನ ಹಾರಿಸಿದ ನನ್ನ ಕೋರ್ಸ್‌ಮೇಟ್ ಒಬ್ಬನಿಗೆ ಈಗ ಹುಳ ಹತ್ತಿದೆ. ಅವನ ಕಾಲು ನನ್ನದಕ್ಕಿಂತ ಚೆನ್ನಾಗಿದೆ, ಡಕೋಟಾದವರಿಗೆ ಪೆಡಲ್ ಅಭ್ಯಾಸ. ಸೊಂಟ ಕೆಟ್ಟಿದೆ. ಅದಕ್ಕೆ ಫಿಸಿಯೋ ನಂಬರ್ ಕೊಟ್ಟಿದ್ದೇನೆ.

ಅವನ ಜೊತೆ ಜಗಳ ಒಂದೇ. ನನ್ನ ಹಳೆಯ ಲಾಗ್‌ಬುಕ್ಕಿನಲ್ಲಿ ಹಂಟರ್ ಪುಟಗಳ ಆಚೆ ಟೈಗರ್ ಮಾತ್ ಬರೆದು 'ಡ್ಯುಯಲ್' (ಇನ್‌ಸ್ಟ್ರಕ್ಟರ್ ಜೊತೆ ಹಾರಿಸಿದ್ದು) ಕಾಲಮ್ಮಿನಲ್ಲಿ ಸಮಯ ಹಾಕಿದ್ದೇನೆ. "ದುಡ್ಡು ಕೊಟ್ಟು ಹೋದದ್ದು, ನೀನು ಪ್ಯಾಸೆಂಜರ್, ಹೊಡೆದು ಹಾಕು" ಅನ್ನುತ್ತಾನೆ. ಇನ್‌ಸ್ಟ್ರಕ್ಟರ್ ಸಹಿ ತೋರಿಸಿದೆ. ಅದು ಆಟೋಗ್ರಾಫ್ ಅಂತೆ.