ಮಂಡಿಯ ಮೇಲ್‌ಗಳೂ ರಿಲೇಟಿವ್ ಕ್ಲಾಜ್‌ಗಳೂ: ನನ್ನ ಅನುಭವ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದರ ಜೊತೆಗೆ ಇಂಗ್ಲಿಷ್ ಪತ್ರ ವ್ಯವಹಾರವೂ ನನ್ನ ಪಾಲಿಗೇ ಬಂದಿದೆ. ಮಾಲು ಹೋಗುವುದು ಹೆಚ್ಚಾಗಿ ಕೋಳಿ ಆಹಾರ ತಯಾರಿಸುವವರಿಗೆ. ನಾಮಕ್ಕಲ್ ಕಡೆಯ ಖರೀದಿದಾರರಿಗೆ ಕನ್ನಡ ಬರುವುದಿಲ್ಲ, ನಮಗೆ ತಮಿಳು ಬರುವುದಿಲ್ಲ. ಫೋನಿನಲ್ಲಿ ಹೇಗೋ ನಡೆಯುತ್ತದೆ, ಆದರೆ ದುಡ್ಡಿನ ಮಾತು ಬಂದಾಗ ಎಲ್ಲವೂ ಬರಹದಲ್ಲಿ ಇರಬೇಕು.

ನಾನು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಇಲ್ಲಿ ಬಿ.ಕಾಂ. ಮಾಡಿದವನು. ಚಿಕ್ಕ ಚಿಕ್ಕ ವಾಕ್ಯ ಬರೆಯಲು ಮೊದಲಿನಿಂದಲೂ ಬರುತ್ತಿತ್ತು. ಮಂಡಿಯ ವಿಷಯ ಮಾತ್ರ ಚಿಕ್ಕ ವಾಕ್ಯದಲ್ಲಿ ಹಿಡಿಸುವುದಿಲ್ಲ. ಲಾರಿ ಅಂದರೆ ಯಾವ ಲಾರಿ? ಸೋಮವಾರ ಹೊರಟ ಲಾರಿ. ಯಾವ ಬಿಲ್ಲು? ನೀವು ವಾಪಸ್ ಕಳಿಸಿದ ಬಿಲ್ಲು. ಯಾವ ಮಾಲು? ತೇವಾಂಶ ಶೇ 14 ದಾಟಿದ ಮಾಲು. ‘ಹೊರಟ’, ‘ಕಳಿಸಿದ’, ‘ದಾಟಿದ’ ಎಂಬ ಈ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳುವ ದಾರಿಯೇ ರಿಲೇಟಿವ್ ಕ್ಲಾಜ್.

ಗ್ರಾಮರ್ ಪುಸ್ತಕಗಳು ಮೊದಲಿಗೆ ಹೇಳಿಕೊಡುವುದು ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’, ಎರಡಕ್ಕೂ ‘ದಟ್’ ಎಂದು. ಅಷ್ಟನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯುತ್ತಾರೆ. ನನಗೆ ನಿಜವಾದ ಬಾಗಿಲು ತೆರೆದದ್ದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಕನ್ನಡದ ವಿಭಕ್ತಿ ಪ್ರತ್ಯಯಗಳಿಂದ.

ಹೇಗೆಂದರೆ, ಈ ಮೂರನ್ನು ನೋಡಿ: ನಾನು ಬಂದ ಬಸ್ಸು. ನಾನು ಇಳಿದ ಬಸ್ಸು. ನಾನು ಕಾದ ಬಸ್ಸು. ನೋಡಲು ಮೂರೂ ಒಂದೇ ರೀತಿ ಇವೆ. ಆದರೆ ನಾನು ಬಂದದ್ದು ಬಸ್ಸಿನಲ್ಲಿ, ಇಳಿದದ್ದು ಬಸ್ಸಿನಿಂದ, ಕಾದದ್ದು ಬಸ್ಸಿಗೆ. ಕ್ರಿಯಾಪದವನ್ನು ಕೃದಂತ ಮಾಡಿ, ಅಂದರೆ ಹೆಸರನ್ನು ವಿವರಿಸುವ ‘ಬಂದ’, ‘ಇಳಿದ’ದಂಥ ರೂಪಕ್ಕೆ ತಂದು, ‘ಬಸ್ಸು’ ಪದದ ಹಿಂದೆ ಕೂರಿಸಿದ ಕೂಡಲೇ ‘ಅಲ್ಲಿ’, ‘ಇಂದ’, ‘ಗೆ’ ಎಲ್ಲವೂ ಮಾಯವಾಗುತ್ತವೆ. ಅರ್ಥಕ್ಕೆ ಏನೂ ಕುಂದಿಲ್ಲ, ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ದ ಬಸ್ ಐ ಕೇಮ್ ಆನ್’, ‘ದ ಬಸ್ ಐ ಗಾಟ್ ಆಫ್’, ‘ದ ಬಸ್ ಐ ವೇಟೆಡ್ ಫಾರ್’ ಎಂದು ಆ ‘ಆನ್’, ‘ಆಫ್’, ‘ಫಾರ್’ಗಳನ್ನು ಕೊನೆಯಲ್ಲಾದರೂ ಇಟ್ಟೇ ತೀರಬೇಕು. ‘ದ ಬಸ್ ಐ ವೇಟೆಡ್’ ಎಂದು ನಿಲ್ಲಿಸಿದರೆ ಓದುವವರಿಗೆ ವಾಕ್ಯ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ನಮ್ಮವರು ಬರೆಯುವ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಣೆಯಾಗುವುದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದ ಬರೆಯುವಾಗ ನೆನಪಾಗುವುದಿಲ್ಲ.

ಹಾಗಾಗಿ ನಾನು ಮಾಡುವ ಕೆಲಸ ಇಷ್ಟು: ಕನ್ನಡದ ವಾಕ್ಯವನ್ನು ಎರಡಾಗಿ ಒಡೆಯುತ್ತೇನೆ. ‘ನಾವು ಮಾಲು ತೂಗಿಸಿದ ವೇಬ್ರಿಡ್ಜ್ ಹರಿಹರ ರಸ್ತೆಯಲ್ಲಿದೆ’ ಎಂಬುದನ್ನು ‘ವೇಬ್ರಿಡ್ಜ್ ಹರಿಹರ ರಸ್ತೆಯಲ್ಲಿದೆ’, ‘ಆ ವೇಬ್ರಿಡ್ಜಿನಲ್ಲಿ ಮಾಲು ತೂಗಿಸಿದೆವು’ ಎಂದು ಬಿಡಿಸಿಕೊಳ್ಳುತ್ತೇನೆ. ಎರಡನೆಯ ವಾಕ್ಯದಲ್ಲಿ ‘ಅಲ್ಲಿ’ ಬಂತು, ಅಂದರೆ ಸಪ್ತಮಿ. ಸಪ್ತಮಿಗೆ ‘ವೇರ್’ ಅಥವಾ ‘ಅಟ್ ವಿಚ್’. ‘ದ ವೇಬ್ರಿಡ್ಜ್ ವೇರ್ ವಿ ವೇಡ್ ದ ಲೋಡ್ ಈಸ್ ಆನ್ ಹರಿಹರ ರೋಡ್.’ ಎರಡನೆಯ ವಾಕ್ಯದಲ್ಲಿ ಆ ಪದ ಪ್ರಥಮೆಯಲ್ಲಿದ್ದರೆ, ಅಂದರೆ ಕೆಲಸ ಮಾಡಿದ್ದು ಅದೇ ಆಗಿದ್ದರೆ, ‘ಹೂ’, ‘ವಿಚ್’ ಅಥವಾ ‘ದಟ್’. ದ್ವಿತೀಯೆಯ ‘ಅನ್ನು’ ಬಂದರೆ ಈ ಪದವನ್ನು ಇಡಬಹುದು, ಬಿಡಲೂಬಹುದು. ‘ದ ಬಿಲ್ ದಟ್ ಯು ರಿಟರ್ನ್ಡ್’ ಎಂದರೂ ಸರಿ, ‘ದ ಬಿಲ್ ಯು ರಿಟರ್ನ್ಡ್’ ಎಂದರೂ ಸರಿ. ನಾನು ಬಿಡುವುದೇ ಹೆಚ್ಚು.

ಆದರೆ ಪ್ರಥಮೆಯಲ್ಲಿ ಬಿಡುವ ಹಾಗಿಲ್ಲ. ‘ದ ಲಾರಿ ಲೆಫ್ಟ್ ಆನ್ ಮಂಡೇ’ ಎಂದು ಓದಿದವರು ‘ಲೆಫ್ಟ್’ ಎಂಬುದನ್ನೇ ಮುಖ್ಯ ಕ್ರಿಯಾಪದ ಎಂದು ಹಿಡಿಯುತ್ತಾರೆ. ಅದರ ಮುಂದೆ ‘ಹ್ಯಾಸ್ ನಾಟ್ ರೀಚ್ಡ್’ ಎಂದು ಬಂದಾಗ ತಡವರಿಸುತ್ತಾರೆ. ನಡುವೆ ‘ದಟ್’ ಇದ್ದರೆ ಆ ತೊಡಕಿಲ್ಲ.

ಷಷ್ಠಿಗೆ ‘ಹೂಸ್’. ‘ಮಾಲು ಇನ್ನೂ ಬಾರದ ರೈತರು’ ಅನ್ನುತ್ತೇವಲ್ಲ, ಒಡೆದರೆ ‘ಆ ರೈತರ ಮಾಲು ಬಂದಿಲ್ಲ’ ಎಂದಾಗುತ್ತದೆ. ‘ದ ಫಾರ್ಮರ್ಸ್ ಹೂಸ್ ಸ್ಟಾಕ್ ಹ್ಯಾಸ್ ನಾಟ್ ಅರೈವ್ಡ್.’ ಈ ‘ಹೂಸ್’ ಮನುಷ್ಯರಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಟೈರ್ ಒಡೆದ ಲಾರಿಗೂ ಅದನ್ನು ಧಾರಾಳವಾಗಿ ಬಳಸಬಹುದು. ಇನ್ನು ‘ಹೂಮ್’ ವಿಷಯ. ‘ಟು ಹೂಮ್’, ‘ವಿತ್ ಹೂಮ್’ ಎಂಬಲ್ಲಿ ಬಿಟ್ಟರೆ ಉಳಿದೆಡೆ ಅದಿಲ್ಲದೆಯೇ ಕೆಲಸ ನಡೆಯುತ್ತದೆ. ಅದನ್ನು ಕಷ್ಟಪಟ್ಟು ಅಭ್ಯಾಸ ಮಾಡುವ ಅಗತ್ಯ ನನಗಂತೂ ಕಂಡಿಲ್ಲ.

‘ಬಾರದ’ ಎಂಬ ನಿಷೇಧ ಕೃದಂತದ ಬಗ್ಗೆ ಒಂದು ಎಚ್ಚರಿಕೆ. ‘ಬಂದ’, ‘ಬರುವ’ ಎಂಬುವುಗಳಲ್ಲಿ ಕಾಲ ಕಾಣುತ್ತದೆ, ‘ಬಾರದ’ ಎಂಬುದರಲ್ಲಿ ಕಾಣುವುದಿಲ್ಲ. ನಿನ್ನೆ ಬಾರದ ಲಾರಿಯೂ ಅದೇ, ನಾಳೆ ಬಾರದ ಲಾರಿಯೂ ಅದೇ. ಇಂಗ್ಲಿಷಿಗೆ ಹೋಗುವ ಮೊದಲು ‘ಡಿಡ್ ನಾಟ್ ಕಮ್’ ಎಂದೋ, ‘ಹ್ಯಾಸ್ ನಾಟ್ ಕಮ್’ ಎಂದೋ, ‘ವಿಲ್ ನಾಟ್ ಕಮ್’ ಎಂದೋ ತೀರ್ಮಾನಿಸಿಕೊಳ್ಳಬೇಕು. ಖರೀದಿದಾರರ ಮಟ್ಟಿಗೆ ಈ ಮೂರೂ ಬೇರೆ ಬೇರೆ ಸುದ್ದಿ.

ಈಗ ಕಾಮಾ. ಇದಕ್ಕೆ ನಾನು ಕೊಡುವಷ್ಟು ಮಹತ್ವವನ್ನು ನಮ್ಮ ಕಡೆ ಯಾರೂ ಕೊಡುವುದಿಲ್ಲ.

ಒಮ್ಮೆ ಮಳೆಗಾಲದಲ್ಲಿ ದಾರಿಯಲ್ಲಿ ತಾಡಪಾಲು ಹರಿದು ಒಂದಷ್ಟು ಚೀಲ ನೆನೆದಿದ್ದವು. ಹಮಾಲರು ಅವುಗಳನ್ನು ಬೇರೆ ಮಾಡಿ ಪಕ್ಕಕ್ಕಿಟ್ಟರು. ಖರೀದಿದಾರರಿಗೆ ಮೇಲ್ ಮಾಡಲು ಹೊಸದಾಗಿ ಸೇರಿದ್ದ ಹುಡುಗನಿಗೆ ಹೇಳಿದ್ದೆ. ಅವನು ಬರೆದದ್ದು: ‘ದ ಬ್ಯಾಗ್ಸ್, ವಿಚ್ ಗಾಟ್ ವೆಟ್, ವರ್ ಕೆಪ್ಟ್ ಅಸೈಡ್.’ ಕಳಿಸುವ ಮೊದಲು ನಾನು ತಡೆದೆ.

“ಎಷ್ಟು ಚೀಲ ನೆನೆದಾವಪ್ಪ?”

“ಹಿಂದಿನ ಸಾಲಿನವು ಅಷ್ಟೇ ಅಣ್ಣ.”

“ನೀನು ಬರೆದಿದ್ದರ ಪ್ರಕಾರ ಲೋಡಿಗೆ ಲೋಡೇ ನೆನೆದಿದೆ.”

“ಎರಡು ಕಾಮಾ ಹಾಕಿದ್ದಕ್ಕಾ ಅಣ್ಣ?”

ಹೌದು, ಅಷ್ಟಕ್ಕೇ. ಕಾಮಾಗಳ ನಡುವೆ ಇರುವ ಮಾತು ಹೆಚ್ಚುವರಿ ಮಾಹಿತಿ. ಅದನ್ನು ತೆಗೆದು ಓದಿದರೆ ‘ಚೀಲಗಳನ್ನು ಪಕ್ಕಕ್ಕಿಡಲಾಯಿತು’ ಎಂದು ಉಳಿಯುತ್ತದೆ, ಅಂದರೆ ಎಲ್ಲ ಚೀಲಗಳೂ ಎಂದಾಯಿತು. ಕಾಮಾ ತೆಗೆದು ‘ದ ಬ್ಯಾಗ್ಸ್ ದಟ್ ಗಾಟ್ ವೆಟ್ ವರ್ ಕೆಪ್ಟ್ ಅಸೈಡ್’ ಎಂದರೆ ನೆನೆದವು ಮಾತ್ರ ಬೇರೆಯಾದವು, ಉಳಿದವು ಚೆನ್ನಾಗಿವೆ ಎಂದಾಗುತ್ತದೆ. ಅಷ್ಟೂ ಚೀಲಗಳ ದುಡ್ಡು ಆ ಎರಡು ಗುರುತಿನ ಮೇಲೆ ನಿಂತಿತ್ತು. ಕನ್ನಡದ ಕೃದಂತ ಈ ಭೇದವನ್ನು ತೋರಿಸುವುದಿಲ್ಲ. ‘ಹರಿಹರದಲ್ಲಿರುವ ನನ್ನ ಅಣ್ಣ’ ಎಂದರೆ ಅಣ್ಣ ಒಬ್ಬನೋ ಇಬ್ಬರೋ ಹೇಳುವುದು ಕಷ್ಟ. ಇಂಗ್ಲಿಷಿನಲ್ಲಿ ಕಾಮಾ ಹಾಕಿದರೆ ಒಬ್ಬನೇ ಅಣ್ಣ ಎಂಬ ಅರ್ಥ ಬರುತ್ತದೆ, ಹಾಕದಿದ್ದರೆ ಬೇರೆ ಕಡೆ ಇನ್ನೊಬ್ಬ ಇದ್ದಾನೆ ಎಂಬ ಅರ್ಥ.

ಹುಡುಗನಿಗೆ ನಾನು ಕೊಟ್ಟ ಪರೀಕ್ಷೆ ಸುಲಭದ್ದು. ಹೆಸರು ಹೇಳಿದ ಮೇಲೆ ‘ಯಾವುದು?’ ಎಂದು ಕೇಳಿ ನೋಡು. ಕೇಳುವ ಅಗತ್ಯವೇ ಇಲ್ಲದಿದ್ದರೆ ಕಾಮಾ ಹಾಕು. ವಾಣಿವಿಲಾಸ ಸಾಗರ ಎಂದರೆ ಯಾವುದು ಎಂದು ಯಾರೂ ಕೇಳುವುದಿಲ್ಲ, ಇರುವುದೇ ಒಂದು. ‘ವಾಣಿವಿಲಾಸ ಸಾಗರ, ವಿಚ್ ವಾಸ್ ಕಂಪ್ಲೀಟೆಡ್ ಇನ್ 1907, ಈಸ್ ನಿಯರ್ ಹಿರಿಯೂರು.’ ಹಾಗೆಯೇ ‘ದಾವಣಗೆರೆ, ವಿಚ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997, ವಾಸ್ ಅರ್ಲಿಯರ್ ಇನ್ ಚಿತ್ರದುರ್ಗ ಡಿಸ್ಟ್ರಿಕ್ಟ್.’ ಇಂಥ ಕಡೆ ‘ದಟ್’ ಹಾಕಬಾರದು, ‘ವಿಚ್’ ಬೇಕು. ಕಾಮಾ ಇಲ್ಲದ ಕಡೆ ವಸ್ತುಗಳಿಗೆ ‘ವಿಚ್’, ‘ದಟ್’ ಎರಡೂ ನಡೆಯುತ್ತವೆ. ನಾನು ‘ದಟ್’ ಎಂದೇ ಬರೆಯುತ್ತೇನೆ, ಓದುವವರಿಗೆ ಅನುಮಾನವೇ ಉಳಿಯದಿರಲಿ ಎಂದು.

ಇನ್ನೊಂದು ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ದ ಡ್ರೈವರ್ ದಟ್ ಐ ಕಾಲ್ಡ್ ಹಿಮ್’ ಎಂದು ಕೊನೆಗೆ ‘ಹಿಮ್’ ಸೇರಿಸುವವರು ತುಂಬ ಜನ. ‘ಯಾವ ಡ್ರೈವರಿಗೆ ಫೋನ್ ಮಾಡಿದೆನೋ ಅವನು’ ಎಂಬ ನಮ್ಮ ಜೋಡಿ ಮಾತು ಅಲ್ಲಿಗೆ ಹೋಗಿ ಕೂತಿರುತ್ತದೆ. ಇಂಗ್ಲಿಷಿನಲ್ಲಿ ‘ದಟ್’ ಬಂದ ಮೇಲೆ ಆ ಜಾಗ ಭರ್ತಿಯಾಯಿತು.

ಉದ್ದದ ಬಗ್ಗೆಯೂ ಗಮನ ಇರಲಿ. ಕನ್ನಡದಲ್ಲಿ ‘ಚನ್ನಗಿರಿಯಿಂದ ಬಂದ ರೈತರು ತಂದ, ನಾವು ಒಣಗಿಸಿದ ಮಾಲು’ ಎಂದು ಒಂದರ ಹಿಂದೆ ಒಂದು ಕಟ್ಟುತ್ತಾ ಹೋದರೂ ಕಿವಿಗೆ ಒಗ್ಗುತ್ತದೆ. ಇಂಗ್ಲಿಷಿನಲ್ಲಿ ಇದೆಲ್ಲ ಹೆಸರಿನ ನಂತರ ಬರುವುದರಿಂದ ಕ್ರಿಯಾಪದ ದೂರ ಸರಿಯುತ್ತದೆ. ಒಂದು ಹೆಸರಿಗೆ ಒಂದೇ ಕ್ಲಾಜ್ ಇಟ್ಟು ಉಳಿದದ್ದನ್ನು ಬೇರೆ ವಾಕ್ಯ ಮಾಡುತ್ತೇನೆ. ಕ್ಲಾಜ್ ತನ್ನ ಹೆಸರಿಗೆ ತಾಗಿಕೊಂಡೇ ಇರಬೇಕು. ‘ದ ಲೋಡ್ ಇನ್ ದ ಲಾರಿ ದಟ್ ವಾಸ್ ಡ್ಯಾಮೇಜ್ಡ್’ ಎಂದರೆ ಹಾಳಾದದ್ದು ಲೋಡೋ ಲಾರಿಯೋ ತಿಳಿಯುವುದಿಲ್ಲ.

ಆ ಹುಡುಗ ಈಗ ಬಿಡುವಿದ್ದಾಗ ಕನ್ನಡ ಪೇಪರಿನ ಒಂದು ಸುದ್ದಿ ತೆಗೆದುಕೊಂಡು ಕೃದಂತಗಳಿಗೆಲ್ಲ ಗೆರೆ ಎಳೆಯುತ್ತಾನೆ. ಪ್ರತಿಯೊಂದರ ಮೇಲೆ ಪೆನ್ಸಿಲಿನಲ್ಲಿ ‘ಅನ್ನು’, ‘ಗೆ’, ‘ಅಲ್ಲಿ’ ಎಂದು ಕಳೆದುಹೋದ ಪ್ರತ್ಯಯವನ್ನು ಬರೆಯುತ್ತಾನೆ. ಇಂಗ್ಲಿಷ್ ಮಾಡುವುದು ಅದಾದ ಮೇಲೆ. ಈ ಕ್ರಮದಲ್ಲಿ ಹೋದರೆ ಯಾವ ಪದ ಹಾಕಬೇಕೆಂಬ ಪ್ರಶ್ನೆಗೆ ಉತ್ತರ ಪೆನ್ಸಿಲಿನ ಗುರುತಿನಲ್ಲೇ ಸಿಗುತ್ತದೆ. ಪೇಪರಿನ ಸುದ್ದಿ ಕಷ್ಟವೆನಿಸಿದವರು ತಮ್ಮ ಅಂಗಡಿಯ, ಆಫೀಸಿನ ಹಳೆಯ ಚೀಟಿಗಳಿಂದ ಶುರು ಮಾಡಬಹುದು. ‘ಕೊಟ್ಟ ಚೆಕ್’, ‘ಬರಬೇಕಾದ ಬಾಕಿ’, ‘ಸಹಿ ಆಗದ ಬಿಲ್ಲು’ ಎಲ್ಲವೂ ಅಲ್ಲಿ ಸಾಲಾಗಿ ಸಿಗುತ್ತವೆ.