ಇನ್ನೊಬ್ಬರ ಹೊಲಕ್ಕೆ ಸಾಕ್ಷಿ: ಕಲಘಟಗಿ ಕಾಡಂಚಿನಲ್ಲಿ ಅರಣ್ಯ ಹಕ್ಕಿನ ಅರ್ಜಿಗಳನ್ನು ಬರೆದ ಅನುಭವ

ನಾನು ಹುಬ್ಬಳ್ಳಿಯಲ್ಲಿ ದಸ್ತಾವೇಜು ಬರೆದು ಬದುಕಿದವನು. ಖರೀದಿ ಪತ್ರ, ವಾಟ್ನಿ (ಪಾಲು ಹಂಚಿಕೆಯ) ಪತ್ರ, ಬಕ್ಷೀಸು (ದಾನ) ಪತ್ರ, ಮೃತ್ಯುಪತ್ರಗಳ ನಡುವೆ ವರ್ಷಗಳನ್ನು ಕಳೆದ ನನಗೆ ಒಂದು ಎಕರೆ ಭೂಮಿಯ ಬೆನ್ನಿಗೆ ಯಾವ ಯಾವ ಕಾಗದ ಇರಬೇಕೆಂಬುದು ಬಾಯಿಪಾಠವಾಗಿತ್ತು. ಕಾಗದವೇ ಇಲ್ಲದ ಭೂಮಿಯ ಬಗ್ಗೆ ನಾನು ಮೊದಲು ಯೋಚಿಸಿದ್ದು 2009ರಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಕಾಡಂಚಿನ ಊರೊಂದರಿಂದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಇಬ್ಬರು ರೈತರು ಅರಣ್ಯ ಹಕ್ಕಿನ ಅರ್ಜಿಯ ನಮೂನೆ ‘ಎ’ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಾಗ. ಉತಾರ, ಅಂದರೆ ಪಹಣಿ, ಎಲ್ಲಿ ಎಂದು ಕೇಳಿದೆ. ಉತಾರ ಇದ್ದಿದ್ದರೆ ನಿಮ್ಮ ಹತ್ತಿರ ಯಾಕ ಬರತಿದ್ವಿರಿ ಎಂದು ಅವರಲ್ಲಿ ಹಿರಿಯರು ನಕ್ಕರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಅವತ್ತು ರಾತ್ರಿ ಕಾಯ್ದೆಯ ಪ್ರತಿಯನ್ನು ತಂದು ಓದಲು ಕುಳಿತೆ.

ಅರಣ್ಯ ಹಕ್ಕು ಕಾಯ್ದೆಯನ್ನು ಸಂಸತ್ತು ಒಪ್ಪಿದ್ದು 2006ರಲ್ಲಿ, ಅದು ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು, ನಿಯಮಗಳು ಬಂದದ್ದು ಮರುದಿನ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡುತ್ತಿದ್ದ ಪರಿಶಿಷ್ಟ ಪಂಗಡದ ಅರಣ್ಯವಾಸಿಗೆ ನಾಲ್ಕು ಹೆಕ್ಟೇರ್ ಮಿತಿಯೊಳಗೆ ಹಕ್ಕುಪತ್ರ ಸಿಗಬೇಕೆಂದು ಅದು ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ‘ಇತರೆ ಪಾರಂಪರಿಕ ಅರಣ್ಯವಾಸಿ’ ಎನಿಸಿಕೊಳ್ಳಬೇಕಾದರೆ ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ವಾಸವಿದ್ದು ಕಾಡನ್ನು ಅವಲಂಬಿಸಿದ್ದರೆಂದು ತೋರಿಸಬೇಕು. ನನ್ನ ಮುಂದೆ ನಿಂತಿದ್ದ ಇಬ್ಬರೂ ಈ ಎರಡನೆಯ ಸಾಲಿಗೆ ಸೇರಿದವರಾಗಿದ್ದರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಬಂದಿತ್ತು, ಧಾರವಾಡ ಜಿಲ್ಲೆಯ ಸಿದ್ದಿಯರಿಗೆ ಬಂದಿರಲಿಲ್ಲ. ಹಳಿಯಾಳದ ತಂಗಿ ಬುಡಕಟ್ಟಿನವಳು, ಕಲಘಟಗಿಯ ಅಣ್ಣ ಅಲ್ಲ. ಜಿಲ್ಲೆಯ ಗಡಿಕಲ್ಲು ಒಂದೇ ಮನೆತನದ ನಡುವೆ ಹೀಗೆ ಹಾದುಹೋದದ್ದನ್ನು ನನ್ನ ವಾಟ್ನಿ ಪತ್ರಗಳಲ್ಲಿ ನಾನೆಂದೂ ಕಂಡಿರಲಿಲ್ಲ.

ಆ ಮೊದಲ ಸುತ್ತಿನ ಅರ್ಜಿಗಳು ಬಹುತೇಕ ಮರಳಿ ಬಂದವು. 75 ವರ್ಷಕ್ಕೆ ದಾಖಲೆ ಇಲ್ಲವೆಂಬ ಒಂದೇ ವಾಕ್ಯ ಎಲ್ಲದರ ಮೇಲೂ ಇತ್ತು. ಅದೇ ತುಂಡನ್ನೇ 75 ವರ್ಷ ಉತ್ತಿರಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ, ವಾಸ ಮತ್ತು ಅವಲಂಬನೆಯನ್ನಷ್ಟೇ ಕೇಳುತ್ತದೆ ಎಂಬುದನ್ನು ಮೇಲ್ಮನವಿಯಲ್ಲಿ ಬರೆಯುವಷ್ಟು ತಿಳಿವಳಿಕೆ ನನಗೆ ಆಗ ಇರಲಿಲ್ಲ. ಮೇಲ್ಮನವಿಗೆ ಇರುವ 60 ದಿನಗಳ ಅವಧಿಯನ್ನು ಕೆಲವು ಅರ್ಜಿಗಳ ಮಟ್ಟಿಗೆ ನಾನೇ ಮೀರಿಸಿಬಿಟ್ಟೆ. ಆ ತಪ್ಪು ನನ್ನದು.

ಅದಕ್ಕಿಂತ ದೊಡ್ಡ ತಪ್ಪೊಂದನ್ನು ನಾನು ಆ ವರ್ಷಗಳಲ್ಲಿಯೇ ಮಾಡಿದ್ದೆ, ಆದರೆ ಅದು ಗೊತ್ತಾದದ್ದು ಬಹಳ ತಡವಾಗಿ. ಅದೇ ಕಾಡಂಚಿನಲ್ಲಿ ಗೌಳಿಗರ ದಡ್ಡಿಗಳೂ, ಅಂದರೆ ಅವರ ಸಣ್ಣ ವಸತಿಗಳೂ, ಇವೆ. ಎಮ್ಮೆ ಸಾಕಿ, ಹಾಲು ಬೆಣ್ಣೆ ಮಾರಿ ಬದುಕುವ ಈ ಜನ ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುತ್ತಾರೆ, ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಅನುಕೂಲವಾಗಲೆಂದು ಸಿದ್ದಿಯರ ಸಭೆಯನ್ನು ಒಂದು ಸಂಜೆ, ಗೌಳಿಗರ ಸಭೆಯನ್ನು ಇನ್ನೊಂದು ಸಂಜೆ ಇಟ್ಟುಕೊಂಡೆ. ಒಬ್ಬರ ಕಡತದಲ್ಲಿ ಏನಿದೆ ಎಂಬುದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಜಾಗದಲ್ಲಿ ಸಂಶಯ ಬೆಳೆಯಿತು, ಆ ಸಂಶಯಕ್ಕೆ ಗೊಬ್ಬರ ಹಾಕುವವರು ಚುನಾವಣೆಯ ಹೊತ್ತಿಗೆ ಬಂದೇ ಬಂದರು.

2020 ಆ ಭಾಗದಲ್ಲಿ ವಿಚಿತ್ರ ವರ್ಷ. ಆ ವರ್ಷದ ತಿದ್ದುಪಡಿ ಕಾಯ್ದೆಯಿಂದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರೂ ಪರಿಶಿಷ್ಟ ಪಂಗಡಕ್ಕೆ ಸೇರಿದರು; ಜುಲೈನಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದಿಂದ ಸದನ ಪ್ರವೇಶಿಸಿದ ಮೊದಲಿಗರಾದರು; ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆಯೆಂದು ಪಂಚಾಯಿತಿ ಚುನಾವಣೆಯನ್ನು ಸೌಮ್ಯವೆಂದು ತಿಳಿಯುವವರು ಅದನ್ನು ಹಳ್ಳಿಯಲ್ಲಿ ಕುಳಿತು ನೋಡಿದವರಲ್ಲ. ಚಿಹ್ನೆ ಇಲ್ಲದಿದ್ದಾಗ ಜನರನ್ನು ಬೇರ್ಪಡಿಸಲು ಉಳಿಯುವುದು ಜಾತಿ, ಭಾಷೆ, ದೇವರು.

ಸಿದ್ದಿಯರ ಓಣಿಯಲ್ಲಿ ನೀವು ಮೂಲನಿವಾಸಿಗಳು, ಗೌಳಿಗರು ಮಹಾರಾಷ್ಟ್ರದಿಂದ ಬಂದವರು, ಅವರಿಗೆ ಪಟ್ಟಾ ಸಿಕ್ಕರೆ ನಿಮ್ಮ ಪಾಲು ಕಡಿಮೆಯಾಗುತ್ತದೆ ಎಂಬ ಮಾತು ಓಡಾಡಿತು. ದಡ್ಡಿಯಲ್ಲಿ ಅದೇ ಜನ ಬೇರೆ ಮಾತು ಆಡಿದರು: ಸಿದ್ದಿಯರು ಪಂಗಡಕ್ಕೆ ಸೇರಿದರು, ಇನ್ನು ಅರಣ್ಯ ಹಕ್ಕು ಸಮಿತಿಯನ್ನು ಅವರೇ ಹಿಡಿಯುತ್ತಾರೆ, ನಿಮ್ಮ ಎಮ್ಮೆಗೆ ಮೇಯಲು ಜಾಗ ಉಳಿಯುವುದಿಲ್ಲ. ಮೂರನೆಯದೊಂದು ಇತ್ತು, ಅದು ಎಲ್ಲಕ್ಕಿಂತ ಕೆಟ್ಟದ್ದು. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಇವರಲ್ಲಿ ಹಿಂದೂ ಧರ್ಮ ಬಿಟ್ಟವರಿಗೆ ಪಂಗಡದ ಸವಲತ್ತು ಸಲ್ಲದು, ಅವರ ಹೆಸರು ಸೇರಿಸಿದರೆ ಎಲ್ಲರ ಅರ್ಜಿಯೂ ಬೀಳುತ್ತದೆ ಎಂಬ ಮಾತು ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದವರ ನಡುವೆ ಹೊಕ್ಕಿತು.

ಇಂಥ ಭಾಷಣಕ್ಕೆ ಭಾಷಣದಿಂದ ಉತ್ತರ ಕೊಡಲು ನಾನು ಒಮ್ಮೆ ಪ್ರಯತ್ನಿಸಿ ಸೋತಿದ್ದೇನೆ. ಸೌಹಾರ್ದದ ಮಾತು ಆಡಿದೆ, ಜನ ಮರ್ಯಾದೆಯಿಂದ ಕೇಳಿ ಎದ್ದುಹೋದರು. ಆಮೇಲೆ ನನಗೆ ಹೊಳೆದದ್ದಿಷ್ಟು: ಆ ಮೂರೂ ಮಾತುಗಳ ಒಳಗೆ ಒಂದೊಂದು ನಿಜವಾದ ಪ್ರಶ್ನೆ ಇದೆ, ಆ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇದೆ, ನಾನು ಬಲ್ಲ ಕೆಲಸವೆಂದರೆ ಕಾಗದದ ಕೆಲಸ. ಆದ್ದರಿಂದ ಎರಡನೆಯ ಸುತ್ತನ್ನು ಶುರುಮಾಡುವಾಗ ಬೇರೆ ಬೇರೆ ಸಂಜೆಗಳನ್ನು ಬಿಟ್ಟು, ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಒಟ್ಟಿಗೆ ಕೂಡಿಸಿ, ಕಾಯ್ದೆಯನ್ನೂ ಪ್ರತಿಯೊಂದು ಅರ್ಜಿಯನ್ನೂ ಗಟ್ಟಿಯಾಗಿ ಓದುವ ಪದ್ಧತಿ ಇಟ್ಟುಕೊಂಡೆವು.

ಪಾಲು ಕಡಿಮೆಯಾಗುತ್ತದೆ ಎಂಬ ಮಾತಿಗೆ ಉತ್ತರ ಸುಲಭವಾಗಿತ್ತು. ಈ ಕಾಯ್ದೆ ಹೊಸ ಭೂಮಿ ಹಂಚುವುದಿಲ್ಲ, ಹಿಡಿತದಲ್ಲಿರುವುದನ್ನು ಮಾನ್ಯ ಮಾಡುತ್ತದೆ. ಹಂಚದೆ ಇರುವಾಗ ಪಾಲು ಕಡಿಮೆಯಾಗುವ ಪ್ರಶ್ನೆ ಇಲ್ಲ. ನಮ್ಮ ಭಾಗದಲ್ಲಿ ಜನ ಇದನ್ನು ಬಗರ್ ಹುಕುಂ ಜೊತೆ ಬೆರೆಸಿಕೊಂಡಿದ್ದರು. ಬಗರ್ ಹುಕುಂನ ನಮೂನೆ 50, 53, 57ರ ಅರ್ಜಿಗಳು ಅನುಮತಿಯಿಲ್ಲದೆ ಉಳುತ್ತಿರುವ ಕಂದಾಯ ಇಲಾಖೆಯ ಸರ್ಕಾರಿ ಜಮೀನಿಗೆ ಸಂಬಂಧಿಸಿದವು, ಇವುಗಳಿಗೂ ಅರಣ್ಯ ಹಕ್ಕಿಗೂ ಸಂಬಂಧವಿಲ್ಲ ಎಂಬುದನ್ನು ಬಿಡಿಸಿ ಹೇಳಲು ಒಂದು ಇಡೀ ಸಂಜೆ ಹೋಯಿತು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬರುತ್ತದೆ, ಮಕ್ಕಳಿಗೆ ಇಳಿಯುತ್ತದೆ, ಆದರೆ ಮಾರಲು ಬರುವುದಿಲ್ಲ ಎಂದಾಗ ಮುಂದಿನ ಸಾಲಿನಲ್ಲಿದ್ದ ಕೆಲವರ ಉತ್ಸಾಹ ಇಳಿದದ್ದನ್ನೂ, ಹಿಂದಿನ ಸಾಲಿನ ಹೆಣ್ಣುಮಕ್ಕಳು ಮುಂದಕ್ಕೆ ಸರಿದು ಕುಳಿತದ್ದನ್ನೂ ನಾನು ಕಂಡೆ.

ಧರ್ಮದ ಮಾತಿಗೆ ಎರಡು ಆದೇಶಗಳ ವ್ಯತ್ಯಾಸವನ್ನು ಓದಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಧರ್ಮದ ಷರತ್ತು ಇದೆ. ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಅದು ಅನ್ವಯಿಸುತ್ತದೆ. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಅಂಥ ಷರತ್ತೇ ಇಲ್ಲ. ಇದು ಬದಲಾಗಬೇಕೆಂದು ಬಯಸುವವರಿದ್ದಾರೆ, ಬಯಸುವುದು ಅವರ ಇಷ್ಟ. ಆದರೆ ಬಯಕೆಯನ್ನು ಕಾನೂನೆಂದು ಹೇಳಿ ಒಬ್ಬ ಕ್ರೈಸ್ತ ಸಿದ್ದಿ ಹೆಣ್ಣುಮಗಳು ತನ್ನ ಅರ್ಜಿಯನ್ನು ತಾನೇ ಹಿಂದಕ್ಕೆ ಪಡೆಯುವಂತೆ ಮಾಡಿದ್ದನ್ನು ನಾನು ಮೋಸವೆಂದೇ ಕರೆಯುತ್ತೇನೆ. ಆಕೆಯ ಅರ್ಜಿಯನ್ನು ಆ ಅಂಗಳದಲ್ಲೇ ಮತ್ತೆ ಬರೆದೆವು.

ಸಮಿತಿಯ ಮಾತು ಮಾತ್ರ ಕಠಿಣವಾಗಿತ್ತು, ಏಕೆಂದರೆ ಅದರಲ್ಲಿ ಸತ್ಯವಿತ್ತು. 2012ರ ತಿದ್ದುಪಡಿ ನಿಯಮದಂತೆ ಹತ್ತರಿಂದ ಹದಿನೈದು ಸದಸ್ಯರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಎರಡು ಭಾಗ ಪರಿಶಿಷ್ಟ ಪಂಗಡದವರೂ, ಮೂರನೆಯ ಒಂದು ಭಾಗ ಮಹಿಳೆಯರೂ ಇರಬೇಕು. ಪಟ್ಟಿ ಬದಲಾದ ಮೇಲೆ ಸಮಿತಿಯೂ ಬದಲಾಗಲೇಬೇಕಿತ್ತು, ಕೆಲವು ಗೌಳಿ ಸದಸ್ಯರು ಸ್ಥಾನ ಬಿಡಲೇಬೇಕಿತ್ತು. ನಾವು ಇದನ್ನು ಮುಚ್ಚಿಡಲಿಲ್ಲ. ಸಮಿತಿ ಅರ್ಜಿಯನ್ನು ಸ್ವೀಕರಿಸಿ ಪರಿಶೀಲಿಸುತ್ತದೆ, ಠರಾವು ಮಾಡುವುದು ಗ್ರಾಮಸಭೆ. ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಅರ್ಧ ಜನ ಬರಬೇಕು, ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಇರಬೇಕು, ಆ ಬಲ ದಡ್ಡಿಯಿಲ್ಲದೆ ತುಂಬುವುದೇ ಇಲ್ಲ ಎಂಬುದನ್ನು ಹೇಳಿದೆವು. ಸ್ಥಾನ ಬಿಟ್ಟವರಲ್ಲಿ ಒಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ.

ಇನ್ನು ಸಾಕ್ಷ್ಯದ ಕೆಲಸ. ನಿಯಮ 13ರಲ್ಲಿ ಸಾಕ್ಷ್ಯಗಳ ಉದ್ದನೆಯ ಪಟ್ಟಿ ಇದೆ, ಅದರಲ್ಲಿ ಎರಡಾದರೂ ಬೇಕು. ಗ್ಯಾಜೆಟಿಯರ್, ಜನಗಣತಿ, ಸರ್ವೆ ದಾಖಲೆ ಇವು ಒಂದು ಬಗೆ. ಹೊಲದ ಒಡ್ಡು, ಸಮತಟ್ಟು ಮಾಡಿದ ಗದ್ದೆ, ಬಾವಿ, ಸ್ಮಶಾನ, ದೇವರ ಬನ ಇವು ಇನ್ನೊಂದು ಬಗೆ. ಗೌಳಿಗರ ಮನೆಗಳಲ್ಲಿ ತಗಡಿನ ಪೆಟ್ಟಿಗೆಯಿಂದ ಹೊರಬಂದದ್ದು ಹೆಚ್ಚಾಗಿ ಅರಣ್ಯ ಇಲಾಖೆ ಹಾಕಿದ ದಂಡದ ಪಾವತಿಗಳು. ಅಪರಾಧದ ಗುರುತೆಂದು ಅವುಗಳನ್ನು ಅಡಗಿಸಿಟ್ಟಿದ್ದರು. ಅಂಥ ಪಾವತಿ ಅಥವಾ ಅತಿಕ್ರಮಣದ ಪಟ್ಟಿಯ ಆಧಾರದ ಮೇಲಷ್ಟೇ ಅರ್ಜಿಯನ್ನು ತಿರಸ್ಕರಿಸುವಂತಿಲ್ಲವೆಂದು ನಿಯಮವೇ ಹೇಳುತ್ತದೆ; ಅಷ್ಟೇ ಅಲ್ಲ, 1970ರ ದಶಕದಲ್ಲಿ ಈ ಮನುಷ್ಯ ಇದೇ ಕಾಡಿನಲ್ಲಿ ಎಮ್ಮೆ ಮೇಯಿಸುತ್ತಿದ್ದನೆಂದು ಸರ್ಕಾರವೇ ಸಹಿ ಹಾಕಿಕೊಟ್ಟ ಕಾಗದ ಅದು. ಮಹಾರಾಷ್ಟ್ರದಿಂದ ಬಂದವರೆಂಬ ಮಾತಿಗೂ ಉತ್ತರ ಅಲ್ಲಿಯೇ ಸಿಕ್ಕಿತು. 2005ರಿಂದ 75 ವರ್ಷ ಹಿಂದಕ್ಕೆ ಎಣಿಸಿದರೆ 1930. ಆಗ ಮಹಾರಾಷ್ಟ್ರವೆಂಬ ರಾಜ್ಯವೂ ಇಲ್ಲ, ಕರ್ನಾಟಕವೆಂಬ ರಾಜ್ಯವೂ ಇಲ್ಲ. ಧಾರವಾಡ, ಕಾರವಾರ ಇವೆಲ್ಲ ಮುಂಬಯಿ ಪ್ರಾಂತದ ಸೀಮೆ, ಮಳೆ ಮತ್ತು ಮೇವನ್ನು ನೋಡಿ ಎಮ್ಮೆ ಹೊಡೆದುಕೊಂಡು ಬಂದವನು ಈಗಿನ ರಾಜ್ಯಗಡಿ ಹುಟ್ಟುವ ಮೊದಲೇ ಬಂದವನು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು ತಪ್ಪಿಸಿಕೊಂಡು ಕಾಡು ಸೇರಿದವರ ವಂಶದ ಸಿದ್ದಿಯರು ಈ ಲೆಕ್ಕವನ್ನು ಕೇಳಿ, ಹಂಗಾದರ ನಾವೂ ಬಂದವರೇ ಅಲ್ಲೇನ್ರಿ ಎಂದು ತಾವಾಗಿಯೇ ಹೇಳಿದರು. ನಾನು ಹೇಳಿದ್ದರೆ ಜಗಳವಾಗುತ್ತಿತ್ತು.

ಆದರೆ ನಮ್ಮ ಕೆಲಸದ ದಿಕ್ಕು ತಿರುಗಿದ್ದು ಅದೇ ಪಟ್ಟಿಯ ಇನ್ನೊಂದು ಅಂಶದಿಂದ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಮೊದಲ ಸುತ್ತಿನಲ್ಲಿ ಸಿದ್ದಿಯರಿಗೆ ಸಿದ್ದಿ ಅಜ್ಜನ ಹೇಳಿಕೆಯನ್ನೇ ತಂದಿದ್ದೆವು, ಅವರೂ ಯಾವುದೋ ಸಂಬಂಧದಿಂದ ಅರ್ಜಿದಾರರೇ ಆಗಿರುತ್ತಿದ್ದರು. ಈ ಬಾರಿ ಸಿದ್ದಿಯ ಹೊಲಕ್ಕೆ ಗೌಳಿ ಹಿರಿಯರು, ಗೌಳಿಯ ದಡ್ಡಿಗೆ ಸಿದ್ದಿ ಹಿರಿಯರು ಸಾಕ್ಷಿ ಹೇಳಲಿ ಎಂದು ಸೂಚಿಸಿದೆ. ದಸ್ತಾವೇಜಿನ ಕೆಲಸದಲ್ಲಿ ಇದು ಹಳೆಯ ಮಾತು. ಖರೀದಿ ಪತ್ರಕ್ಕೆ ಅಣ್ಣತಮ್ಮಂದಿರ ಸಹಿಗಿಂತ ಬಾಜೂ ಹೊಲದವನ ಸಹಿ ಗಟ್ಟಿ. ಎರಡು ವಾರ ಯಾರೂ ಒಪ್ಪಲಿಲ್ಲ. ಕೊನೆಗೆ ಎಂಬತ್ತು ದಾಟಿದ ಗೌಳಿ ಅಜ್ಜ ಒಬ್ಬರು ಕೋಲೂರಿಕೊಂಡು ಬಂದು, ಬರಕೋ ತಮ್ಮಾ, ಎಂದರು. ತಾನು ಹುಟ್ಟಿದ್ದು ಈ ದಡ್ಡಿಯಲ್ಲಿ, ತನ್ನಪ್ಪ ಹುಟ್ಟಿದ್ದೂ ಇಲ್ಲಿಯೇ; ಹುಡುಗನಾಗಿದ್ದಾಗ ಎಮ್ಮೆ ಹೊಡೆದುಕೊಂಡು ಹಳ್ಳ ದಾಟುವಾಗ ಈ ಸಿದ್ದಿ ಮನೆತನದ ಗದ್ದೆಗೆ ಎಮ್ಮೆ ನುಗ್ಗಿ ಇವರ ಅಜ್ಜನಿಂದ ಏಟು ತಿಂದದ್ದು ನೆನಪಿದೆ ಎಂದು ಹೇಳಿದರು. ಆ ಏಟಿನ ಮಾತನ್ನು ನಾನು ಹೇಳಿಕೆಯಲ್ಲಿ ಹಾಗೆಯೇ ಉಳಿಸಿದೆ. ಅದನ್ನು ಗ್ರಾಮಸಭೆಯಲ್ಲಿ ಓದಿದಾಗ ಎರಡೂ ಕಡೆಯವರು ನಕ್ಕರು; ಮುಂದಿನ ವಾರ ಸಿದ್ದಿ ಅಜ್ಜಿ ಒಬ್ಬರು ದಡ್ಡಿಗೆ ಸಾಕ್ಷಿ ಹೇಳಲು ತಾವಾಗಿ ಬಂದರು.

ಮೇಯಿಸುವ ಜಾಗಕ್ಕೆ ಸಾಮುದಾಯಿಕ ಹಕ್ಕಿನ ನಮೂನೆ ‘ಬಿ’ಯಲ್ಲಿ ಎರಡೂ ಸಮುದಾಯ ಸೇರಿ ಒಂದೇ ಅರ್ಜಿ ಹಾಕಿದೆವು. ಮೇವು, ಹಳ್ಳದ ಮೀನು, ಜೇನು, ಸೀಗೆಕಾಯಿಗೆ ಹೋಗುವ ದಾರಿಗಳನ್ನು ನಕಾಶೆಯಲ್ಲಿ ಬಿಡಿಸುವಾಗ ಯಾರ ದಾರಿ ಯಾವುದೆಂದು ಬೇರ್ಪಡಿಸಲು ಆಗಲೇ ಇಲ್ಲ. ಹೊಲಗಳನ್ನು ಜಿಪಿಎಸ್ ಹಿಡಿದು ಅಳೆಯುವಾಗ ಬಾಜೂದವರು ಇಲ್ಲದೆ ಅಳೆಯುವುದಿಲ್ಲವೆಂಬ ನಿಯಮವನ್ನು ನಾವೇ ಮಾಡಿಕೊಂಡೆವು. ಅದರಿಂದ ಕೆಲಸ ಒಂದು ತಿಂಗಳು ತಡವಾಯಿತು, ಆದರೆ ತಕರಾರು ಅರ್ಜಿ ಒಂದೂ ಬರಲಿಲ್ಲ.

ಫಲ ಸಮವಾಗಿ ಸಿಕ್ಕಿತೆಂದು ಹೇಳಲಾರೆ. ಸಿದ್ದಿಯರ ಕೆಲವು ಕುಟುಂಬಗಳಿಗೆ ಹಕ್ಕುಪತ್ರ ಬಂತು, ಅದೂ ಕೇಳಿದ್ದಕ್ಕಿಂತ ಕಡಿಮೆ ಕ್ಷೇತ್ರಕ್ಕೆ. ಗೌಳಿಗರ ಅರ್ಜಿಗಳು ಮತ್ತೆ ಅದೇ 75 ವರ್ಷದ ಪ್ರಶ್ನೆಯಲ್ಲಿ ನಿಂತಿವೆ. ಇಂಥದ್ದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲವೆಂಬ ನಿಯಮವನ್ನು ತೋರಿಸಿ, ಈ ಬಾರಿ 60 ದಿನದ ಒಳಗೇ, ಮೇಲ್ಮನವಿ ಹಾಕಿದ್ದೇವೆ. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತಿಲ್ಲವೆಂಬ ಕಲಂ 4(5)ರ ಪ್ರತಿಯನ್ನು ದಡ್ಡಿಯ ಪ್ರತಿ ಮನೆಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದಾರೆ. 2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ಹೊರಹಾಕಲು ಸುಪ್ರೀಂ ಕೋರ್ಟ್ ಆದೇಶಿಸಿ, ಅದೇ 28ರಂದು ತಡೆಹಿಡಿದಾಗ ನಡುವಿನ ಎರಡು ವಾರ ನಿದ್ದೆಯಿಲ್ಲದೆ ಕಳೆದದ್ದನ್ನು ಅವರು ಮರೆತಿಲ್ಲ.

ಹೋದ ಮಳೆಗಾಲದಲ್ಲಿ ಆ ಗೌಳಿ ಅಜ್ಜ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅವರ ಮಗ ಹುಬ್ಬಳ್ಳಿಗೆ ಬಂದು, ಅಪ್ಪ ಸಿದ್ದಿಯರ ಹೊಲಕ್ಕೆ ಕೊಟ್ಟಿದ್ದ ಹೇಳಿಕೆಯ ಒಂದು ನಕಲು ಬೇಕೆಂದು ಕೇಳಿದರು. ಅವರ ಮನೆತನದ ಮೂರು ತಲೆಮಾರು ಈ ದಡ್ಡಿಯಲ್ಲಿತ್ತೆಂದು ಬರೆದ, ಗ್ರಾಮಸಭೆಯ ಮುದ್ರೆ ಬಿದ್ದ ಕಾಗದ ಅದೊಂದೇ. ನಕಲು ತೆಗೆದು, ದೃಢೀಕರಿಸಿ, ಅವರ ಮೇಲ್ಮನವಿಯ ಕಡತಕ್ಕೆ ಹೊಲಿದಿದ್ದೇನೆ.