ಕೆಂಪು ಗೆರೆಯ ಹಾಜರಿ ಪುಸ್ತಕ

ದಾವಣಗೆರೆಯಲ್ಲಿರುವ ನಮ್ಮ ಕ್ರೈಸ್ತ ಸಭೆ ದೊಡ್ಡದಲ್ಲ, 38 ಕುಟುಂಬಗಳು. ಸಭಾಪಾಲಕನಾಗಿ ಬಂದ ಮೊದಲ ವರ್ಷವೇ ನಾನೊಂದು ಹಾಜರಿ ಪುಸ್ತಕ ತೆರೆದೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ. ಮುಡಿಗೆ ಹೂ, ಕಿವಿಗೆ ಚಿನ್ನ, ಸಿನಿಮಾ, ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆ) ಬಾಕಿ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ತವರಿಗೆ ಹೋಗಿ ಉಂಡು ಬಂದದ್ದು, ಎಲ್ಲಕ್ಕೂ ಗೆರೆ. ಮೂರು ಗೆರೆ ಬಿದ್ದವರಿಗೆ ಆ ತಿಂಗಳು ಕರ್ತನ ಭೋಜನವಿಲ್ಲ, ಎಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲಿಲ್ಲ. ಕುರಿಗಳನ್ನು ಕಾಯುತ್ತಿದ್ದೇನೆ ಎಂದೇ ನಾನು ನಂಬಿದ್ದೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಅಕ್ಕ ನಮ್ಮ ಸಭೆಯಲ್ಲಿದ್ದಾರೆ. ಅಲ್ಲಿಯ ಕೆಲಸ ಕೋಳಿ ಕೂಗುವ ಮೊದಲೇ ಶುರು. ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ, ಜರಡಿ ಹಿಡಿದು, ಚೀಲ ತುಂಬಿ, ಸ್ನಾನ ಮಾಡಿ ಬರುವಷ್ಟರಲ್ಲಿ ಎರಡನೆಯ ಕೀರ್ತನೆ ಮುಗಿದಿರುತ್ತಿತ್ತು. ಪ್ರತಿ ತಿಂಗಳೂ ಅವರಿಗೆ ಮೂರು ಗೆರೆ ಖಾಯಂ. ಒಂದು ಭಾನುವಾರ ರೊಟ್ಟಿಯ ತಟ್ಟೆ ಎತ್ತಿಕೊಂಡು ನೋಡಿದರೆ ಅವರು ಕೂರುವ ಜಾಗ ಖಾಲಿ. ಬಾಗಿಲಾಚೆ ಬಗ್ಗಿ ನಿಂತು, ಎಲ್ಲರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಗೋಡೆಯ ಉದ್ದಕ್ಕೂ ಇಡುತ್ತಿದ್ದರು. ಮುಂಗೈಯ ಮೇಲೆ ಮರಳು ಸಿಡಿದ ಕಲೆಗಳು. ಆರಾಧನೆ ಮುಗಿದ ಮೇಲೆ ಕೇಳಿದೆ.

“ತಟ್ಟೆ ನನ್ನನ್ನು ದಾಟಿ ಹೋಗುವಾಗ ಪಕ್ಕದವರಿಗೆ ಮುಜುಗರವಾಗುತ್ತದೆ ಅಯ್ಯನವರೇ. ಅದಕ್ಕೆ ಮೊದಲೇ ಎದ್ದು ಬಂದುಬಿಡುತ್ತೇನೆ” ಎಂದರು.

ಎಷ್ಟು ತಿಂಗಳಿಂದ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರ ತೆರೆದೆ. ಅದರ 2ನೆಯ ಅಧ್ಯಾಯದ ಮೇಲೆ ಎಷ್ಟೋ ಪ್ರಸಂಗ ಮಾಡಿದವನು ನಾನು. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರ, ಎಂದರೆ ಯೆಹೂದ್ಯರಲ್ಲದವರ, ಸಂಗಡ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಅಂಜಿ ಬೇರೆಯಾದ. ಪೌಲನು ಎಲ್ಲರೆದುರೇ ಅವನನ್ನು ಖಂಡಿಸಿದ. ಜಗಳ ಎದ್ದದ್ದು ಊಟದ ಪಂಕ್ತಿಯಲ್ಲಿ! ಪಂಕ್ತಿಭೇದದ ನೋವು ಏನೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಅದರಿಂದ ಬಿಡುಗಡೆ ಬೇಕೆಂದು ಬಂದ ಮನೆಗಳೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ನಾನು ಇನ್ನೊಂದು ಪಂಕ್ತಿ ಹಾಕಿದ್ದೆ.

ಮೊದಲು ಸಭೆಯ ಹಿರಿಯರೊಂದಿಗೆ ಕೂತೆ. ಆ ಪತ್ರದ 6 ಅಧ್ಯಾಯಗಳನ್ನು 6 ಬುಧವಾರ ಜೋರಾಗಿ ಓದಿದೆವು. ವಿವರಣೆ ಬೇಡ, ತಮಗೆ ತಟ್ಟಿದ ವಾಕ್ಯವನ್ನಷ್ಟೇ ಹೇಳಬೇಕು. ನಾನು ಪ್ರಸಂಗ ಮಾಡಿದ್ದರೆ ಅದೇ ಹೊಸ ನಿಯಮವಾಗುತ್ತಿತ್ತು. ದಾಸತ್ವದ ನೊಗದ ಮಾತು ಬಂದ ವಾರ, ಕಟ್ಟುನಿಟ್ಟಿಗೆ ಹೆಸರಾದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, ಮಗಳು ಹೂ ಮುಡಿದಳೆಂದು ಎರಡು ವರ್ಷದಿಂದ ಅವಳ ಮನೆಯ ಹೊಸ್ತಿಲು ತುಳಿದಿಲ್ಲ ಎಂದರು. ಇನ್ನೊಬ್ಬರು “ಲಗಾಮು ಬಿಟ್ಟರೆ ಕುದುರೆ ಹೊಲಕ್ಕೆ ನುಗ್ಗುತ್ತದೆ” ಎಂದು ಎದ್ದು ಹೋದರು. ಅವರ ಹಿಂದೆ ಮೂರು ಮನೆಯವರು ಸಭೆ ಬಿಟ್ಟರು. ಅವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ.

ಹಾಜರಿ ಪುಸ್ತಕ ನಿಂತಿತು. ದಶಮಾಂಶ ಕೊಟ್ಟವರ ಹೆಸರು ಓದುವುದನ್ನೂ ಬಿಟ್ಟೆವು. ಕಾಣಿಕೆ ಇಳಿದು, ಬಾಡಿಗೆಗೆ ಕೈಸಾಲ ಮಾಡಬೇಕಾಯಿತು. ಜಾತ್ರೆಯ ಊಟದ ಪ್ರಶ್ನೆಯನ್ನು, ವಿಗ್ರಹಕ್ಕೆ ಎಡೆಯಿಟ್ಟ ಊಟದ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ನೆಯ ಅಧ್ಯಾಯ ಓದಿ, ಅವರವರ ಮನಸ್ಸಾಕ್ಷಿಗೆ ಬಿಟ್ಟೆವು. ಆರಾಧನೆಯನ್ನು ಒಂದು ಗಂಟೆ ತಡವಾಗಿ ಶುರು ಮಾಡಿದೆವು. ಇಷ್ಟು ಸುಲಭದ ಕೆಲಸ ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಅದೇ ವರ್ಷ ಒಬ್ಬ ಸಹೋದರ ಕುಡಿದು ಹೆಂಡತಿಗೆ ಹೊಡೆದ. ಹೂವಿಗೆ ಗೆರೆ ಹಾಕುತ್ತಿದ್ದ ನಾನು ಹಿಂದೆಲ್ಲ ಇಂಥದ್ದಕ್ಕೆ ‘ಪ್ರಾರ್ಥನೆ ಮಾಡಮ್ಮ’ ಎಂದಷ್ಟೇ ಹೇಳಿ ಕಳಿಸಿದ್ದುಂಟು. ಈ ಸಲ ಆಕೆಯನ್ನೂ ಮಕ್ಕಳನ್ನೂ ಮೊದಲು ಅವರ ಅಕ್ಕನ ಮನೆಗೆ ಸೇರಿಸಿದೆವು. ಠಾಣೆಗೆ ಹೋಗುವುದಾದರೆ ಜೊತೆಗೆ ಬರುತ್ತೇವೆ ಎಂದೆವು. ಅವನಿಂದ ಹಾಡು ನಡೆಸುವ ಜವಾಬ್ದಾರಿ ತೆಗೆದುಕೊಂಡೆವು. ಆಮೇಲೆ 11 ತಿಂಗಳು, ಪ್ರತಿ ಶನಿವಾರ ಸಂಜೆ, ನಮ್ಮಲ್ಲಿ ಇಬ್ಬರು ಅವನ ಮನೆಗೆ ಹೋಗಿ ಕೂತರು. ತಪ್ಪನ್ನು ತಪ್ಪೆಂದೇ ಹೇಳಿ, ಹೇಳಿದ ಮೇಲೂ ಎದ್ದು ಹೋಗದೆ ಕೂರುವುದು ಗೆರೆ ಎಳೆಯುವುದಕ್ಕಿಂತ ಬಹಳ ಕಷ್ಟ. ಒಬ್ಬರ ಭಾರವನ್ನು ಒಬ್ಬರು ಹೊರುವ ಮಾತು ಗಲಾತ್ಯದವರ ಪತ್ರದ 6ನೆಯ ಅಧ್ಯಾಯದಲ್ಲಿದೆ.

ಕಳೆದ ವರ್ಷ ಆ ಹಳೆಯ ಪುಸ್ತಕ ಹಿಡಿದು ಕೂತು, ಕೆಂಪು ಗೆರೆ ಬಿದ್ದ ಹೆಸರುಗಳನ್ನು ಬರೆದುಕೊಂಡೆ. 19 ಜನ. ಅವರ ಮನೆಗಳಿಗೆ ಹೋಗಿ ಕ್ಷಮೆ ಕೇಳುತ್ತಿದ್ದೇನೆ. ಭಟ್ಟಿಯ ಅಕ್ಕನ ಮನೆಗೇ ಮೊದಲು ಹೋದೆ; ಅವರು ನನ್ನ ಮಾತು ಮುಗಿಯುವವರೆಗೂ ನಿಂತೇ ಕೇಳಿ, ಆಮೇಲೆ ಚಹಾಕ್ಕೆ ಇಟ್ಟರು. 16 ಮನೆ ಮುಗಿದಿವೆ. ಒಬ್ಬರು ಬಾಗಿಲು ತೆರೆಯಲಿಲ್ಲ, ಮತ್ತೆ ಹೋಗುತ್ತೇನೆ. ಇಬ್ಬರು ಈಗ ಹರಿಹರದಲ್ಲಿದ್ದಾರೆ. ಬರುವ ಮಂಗಳವಾರ ಬಸ್ಸು ಹತ್ತಬೇಕು.